ಮಾಯವ್ವನ ಎರಡು ದನಿಯ ಸಿಳ್ಳು

ಹಿಪ್ಪರಗಿಯ ಮಾಯವ್ವನಿಗೆ ದನಿ ಇರಲಿಲ್ಲ. ಮೂಕಿ ಅಂತಲ್ಲ, ಮಾತಾಡುತ್ತಿದ್ದಳು, ನಗುತ್ತಿದ್ದಳು, ಸಿಟ್ಟು ಬಂದರೆ ಬೈಯುತ್ತಲೂ ಇದ್ದಳು. ಆದರೆ ಅವಳ ಮಾತು ಒಲೆಯ ಸುತ್ತ ಕುಳಿತವರನ್ನು ದಾಟಿ ಹೋಗುತ್ತಿರಲಿಲ್ಲ. ಬಾಡಗಂಡಿಯಿಂದ ಸೊಸೆಯಾಗಿ ಬಂದ ಹೊಸತರಲ್ಲಿ ಅವಳು ಈ ದಂಡೆಯಲ್ಲಿ ನಿಂತು ಕೂಗಿದರೆ ಕೃಷ್ಣೆಯ ಆ ದಂಡೆಯಲ್ಲಿ ಎಮ್ಮೆಯ ಮೈ ತೊಳೆಯುವವರು ತಿರುಗಿ ನೋಡುತ್ತಿದ್ದರಂತೆ. ಬಾಣಂತನದಲ್ಲಿ ಗಂಟಲಿಗೆ ಬೇನೆ ಬಂತು. ಕೂಸು ಉಳಿಯಲಿಲ್ಲ. ಬೇನೆ ಇಳಿದ ಮೇಲೆ ನೋಡಿದರೆ ದನಿಯೂ ಉಳಿದಿರಲಿಲ್ಲ.

ಬೇರೆ ಮನೆಯಲ್ಲಾಗಿದ್ದರೆ ಇದು ಅಂಥ ದೊಡ್ಡ ಮಾತಲ್ಲ. ಸೊಸೆಯ ಗಂಟಲು ಹೋಯಿತು, ಮನೆ ತಣ್ಣಗಾಯಿತು ಎಂದು ದೇವರಿಗೆ ಕಾಯಿ ಒಡೆಸುವ ಅತ್ತೆಯರೂ ಇದ್ದಾರು. ಆದರೆ ಮಾಯವ್ವ ಸೇರಿದ್ದು ಕುರಿ ಕಾಯುವ ಮನೆ. ಕುರಿಗೆ ಬೇಲಿ ಗೊತ್ತಿಲ್ಲ, ಬಡಿಗೆ ಗೊತ್ತಿಲ್ಲ, ದನಿಯೊಂದು ಗೊತ್ತು. ಬಾ ಎಂಬ ಕೂಗು, ನಿಲ್ಲು ಎಂಬ ಕೂಗು, ತೋಳ ಬಂತು ಎಂಬ ಕೂಗು, ಇಷ್ಟರ ಮೇಲೆ ಆ ಬದುಕು ನಡೆಯುತ್ತದೆ. ಗಂಡ ಜಕ್ಕಪ್ಪ ಕೆಟ್ಟವನಲ್ಲ. ಆದರೂ ಒಂದು ಮುಂಜಾನೆ ಹೇಗಾದರೂ ಹೇಳಲೇಬೇಕಾದ ಮಾತನ್ನು ಹೇಳಿಬಿಟ್ಟ.

“ನೀ ಇನ್ನ ಹಿಂಡಿನ ಹಿಂದ ಬರೂದು ಬ್ಯಾಡ. ಹಟ್ಟ್ಯಾಗ ಕುಂತು ಮರಿ ಕಾಯಿ.”

ಮರಿ ಕಾಯುವುದು ಮುದುಕಿಯರ ಕೆಲಸ. ನಡೆಯಲಾರದವರು ಮಾಡುವುದು. ನಡೆಯಲು ಕಲಿತ ದಿನದಿಂದ ಹಿಂಡಿನ ಮುಂದೆ ನಡೆದವಳು ಮಾಯವ್ವ. ಸುತ್ತ ಬಲೆ ಕಟ್ಟಿದ ಹಟ್ಟಿಯೊಳಗೆ ಮರಿಗಳ ನಡುವೆ ಕುಳಿತು, ದೂರ ಹೋಗುತ್ತಿರುವ ಹಿಂಡಿನ ಧೂಳು ನೋಡುವುದು ಅವಳಿಗೆ ಉಂಡ ಅನ್ನ ಮೈಗೆ ಹತ್ತದಂಥ ಸಂಕಟವಾಯಿತು.

ದೀಪಾವಳಿ ಕಳೆದ ಮೇಲೆ ಅವರ ಹಿಂಡು ಹೊಳೆಯ ಗುಂಟ ಮೇಲಕ್ಕೆ ಕುಡಚಿಯ ಕಡೆ ಹೋಗುತ್ತಿತ್ತು. ಅಲ್ಲಿ ರೈತರು ಪೈರು ತೆಗೆದ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ನೆಲಕ್ಕೆ ಗೊಬ್ಬರ, ಕುರಿಯವರಿಗೆ ಜೋಳ. ಕುಡಚಿಯ ಹತ್ತಿರ ರೈಲು ಕೃಷ್ಣೆಯನ್ನು ದಾಟುತ್ತದೆ. ಹಟ್ಟಿಯಲ್ಲಿ ಕುಳಿತ ಮಾಯವ್ವನಿಗೆ ಮಾಡಲು ಬೇರೆ ಏನೂ ಇಲ್ಲದೆ, ಹೋಗಿಬರುವ ಗಾಡಿಗಳ ಕೂಗು ಪರಿಚಯವಾಯಿತು. ಮುಂಜಾನೆಯ ಮಾಲಗಾಡಿಯದು ಕೆಮ್ಮು ಹತ್ತಿದ ಮುದುಕನ ಕೂಗು. ಮಧ್ಯಾಹ್ನದ್ದು ಗಿಡ್ಡ, ಚೂಪು. ಹಿಟ್ಟಿಗೆ ಬಾಯಿಹಾಕಿದ ಕಾಗೆಯನ್ನು ಓಡಿಸಿದಂತೆ. ಸಂಜೆ ಮಿರಜದಿಂದ ಬರುವ ಗಾಡಿಗೆ ಮಾತ್ರ ಎರಡು ದನಿ, ದಪ್ಪದೊಂದು, ಸಣ್ಣದೊಂದು, ಎರಡೂ ಕೂಡಿಯೇ ಹೊರಡುವವು. ಬೀಸುವ ಕಲ್ಲಿನ ಎರಡು ಬದಿ ಕುಳಿತು ತಾಯಿ ಮಗಳು ಹಾಡಿದಂತೆ. ಸೇತುವೆಗೆ ಮುಂಚೆ ತಗ್ಗಿನಲ್ಲಿ ಶುರುವಾಗಿ, ನೀರಿನ ಮೇಲೆ ಬಂದಾಗ ಅಗಲವಾಗಿ, ಕೊನೆಗೆ ತುಸು ಬಾಗಿ ನಿಲ್ಲುತ್ತಿತ್ತು. ಅದು ಬರುವ ಹೊತ್ತಿಗೆ ಮಾಯವ್ವ ಹಿಟ್ಟು ನಾದುವ ಕೈಯನ್ನು ಹಾಗೇ ಬಿಟ್ಟು ಕುಳಿತಿರುತ್ತಿದ್ದಳು.

“ರೊಟ್ಟಿ ಬಡೀ ಬೇ, ಗಾಡಿ ಏನ್ ನಿನ್ನ ತವರಮನಿಯಿಂದ ಬಂದೈತೇನ?” ಎಂದು ಅತ್ತೆ ಸತ್ಯವ್ವ ಗದರುತ್ತಿದ್ದಳು.

ಇಂಥ ಮಾಯವ್ವ ಒಂದು ಸಂತೆಯ ದಿನ ಕಂಬಳಿ ಮಾರಲು ಜಮಖಂಡಿಗೆ ಹೋದಳು. ಜಮಖಂಡಿಗೆ ರೈಲಿಲ್ಲ. ಸಂಸ್ಥಾನದ ಕಾಲದಲ್ಲೂ ಬರಲಿಲ್ಲ, ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದಮೇಲೂ ಬರಲಿಲ್ಲ. ಹೀಗಿರುವಾಗ ಬ್ರಾಹ್ಮಣರ ಓಣಿಯಲ್ಲಿ, ಒಂದು ಕಟ್ಟಿಗೆ ತೊಲೆಯ ಹಳೆಯ ಮನೆಯ ಒಳಗಿನಿಂದ ರೈಲಿನ ಸಿಳ್ಳು ಕೇಳಿಸಿತು. ಸಣ್ಣಗೆ, ಇಲಿ ಚೀರಿದಂತೆ. ಆದರೆ ರೈಲಿನದೇ. ಮಾಯವ್ವ ತಲೆಯ ಮೇಲಿನ ಗಂಟಿನೊಂದಿಗೆ ಹೊಸ್ತಿಲ ಹತ್ತಿರ ನಿಂತುಬಿಟ್ಟಳು.

ಅಂಗಳದಲ್ಲಿ ದತ್ತೋಪಂತರು ಕುಕ್ಕರಗಾಲಲ್ಲಿ ಕುಳಿತಿದ್ದರು. ಸಂಸ್ಥಾನವಿದ್ದಾಗ ನೀರಿನ ಪಂಪು ನೋಡಿಕೊಳ್ಳುತ್ತಿದ್ದವರು, ಈಗ ಕಚೇರಿಯಲ್ಲಿ ಗುಮಾಸ್ತರು. ಕೈ ಸುಮ್ಮನಿರಲಾರದೆ, ಹಿತ್ತಾಳೆಯದೊಂದು ಪುಟ್ಟ ಉಗಿಬಂಡಿ ಮಾಡಿದ್ದರು. ಹೊಟ್ಟೆಯ ಕೆಳಗೆ ಸ್ಪಿರಿಟ್ ದೀಪ, ಮೂಗಿನ ಮೇಲೆ ಹೊಗೆ ಕೊಳವಿ. ಅಂಗಳದ ತುಳಸಿಕಟ್ಟೆಯ ಸುತ್ತ ತಗಡಿನ ಹಳಿ.

ಮಾಯವ್ವ ಕೇಳಿದಳು. “ಇದು ಆ ಕುಡಚಿ ಗಾಡಿದು ಮರಿ ಏನ್ರಿ, ಪಂತರ?”

ದತ್ತೋಪಂತರಿಗಿಂತ ಮೊದಲು ಅವರ ಹೆಂಡತಿ ಇಂದಿರಾಬಾಯಿ ನಕ್ಕರು. “ಮರಿನ ನೋಡವಾ! ಹಾಲು ಕುಡಿಸೂದೊಂದು ಬಾಕಿ ಅದ. ನನ್ನ ಒಗ್ಗರಣಿ ಸೌಟು, ಹಳೇ ಬೋಗುಣಿ, ಎಲ್ಲಾ ಇದರ ಹೊಟ್ಟಿಗೆ ಹೋಗ್ಯಾವ.”

“ಜಮಖಂಡಿಗೆ ರೈಲು ಬರಲಿಲ್ಲ. ನಾನರ ತಂದೀನಿ” ಎಂದರು ದತ್ತೋಪಂತರು. ಆಮೇಲೆ ಮುಖ ಸಣ್ಣದು ಮಾಡಿ, “ಆದರ ದನಿ ಬರವಲ್ದು. ಗಾಡಿ ಸಣ್ಣದು ಮಾಡಬಹುದು, ದನಿ ಸಣ್ಣದು ಮಾಡ್ಲಿಕ್ಕೆ ಬರೂದಿಲ್ಲ. ಕೊಳವಿ ಗಿಡ್ಡ ಆತಂದ್ರ ಹಿಂಗ ಕೀಚಲು ದನಿ. ಖರೇ ಗಾಡಿಹಂಗ ಕೂಗಬೇಕಾದ್ರ ಕೊಳವಿನ ಗಾಡಿಗಿಂತ ಉದ್ದ ಆಗ್ತದ. ಇಲ್ಲಿ ನೋಡು.”

ಅವರು ಗೂಡಿನಿಂದ ಜೋಡಿಸಿ ಬೆಸೆದ ಎರಡು ಹಿತ್ತಾಳೆ ಕೊಳವೆ ತೆಗೆದರು, ಒಂದು ಉದ್ದ, ಒಂದು ಅದಕ್ಕಿಂತ ಗಿಡ್ಡ. ಮಾಡಿ ಆಗಿತ್ತು, ಬಂಡಿಯ ಮೇಲೆ ಕೂರಲಿಲ್ಲ. ಹುಡುಗರಿದ್ದಾಗ ಮಿರಜದಲ್ಲಿ ಸೋದರಮಾವನ ಮನೆಯಲ್ಲಿದ್ದರು, ಮನೆಯ ಹಿಂದೆಯೇ ಸ್ಟೇಶನ್ನು. ಆ ನೆನಪಿನ ಮೇಲೆ ಅರದಿಂದ ತಿಕ್ಕಿ ತಿಕ್ಕಿ ದನಿ ಕೂಡಿಸಿದ್ದರು. ಕೆನ್ನೆ ಉಬ್ಬಿಸಿ ಊದಿದರು.

ಮಾಯವ್ವ ಗಂಟು ಇಳಿಸಿ ನೆಲಕ್ಕೆ ಕುಳಿತಳು. ಸಂಜೆಯ ಗಾಡಿ ತುಳಸಿಕಟ್ಟೆಯ ಹತ್ತಿರ ಬಂದು ಹೋಗಿತ್ತು.

“ಇದರ ಗಂಟಲ ಎಲ್ಲೈತ್ರಿ?” ಎಂದಳು ಕೊಳವೆ ಮುಟ್ಟಿ ನೋಡಿ.

“ಇದಕ್ಕ ಗಂಟಲಿಲ್ಲವಾ. ದೊಡ್ಡ ಗಾಡಿಗೂ ಇಲ್ಲ. ಬರೇ ಉಸುರು. ಉಸುರು ಹೋಗಿ ಈ ಅಂಚಿಗೆ ಬಡದ್ರ ಅದ ದನಿ.”

“ಹಂಗಾರ ನನಗ ಕೊಡ್ರಿ. ಉಸುರು ನನ್ನ ಹಂತ್ಯಾಕ ಐತಿ.”

ಅವಳ ಒಡಕು ಪಿಸುದನಿಯನ್ನು ದತ್ತೋಪಂತರು ಆಗಲೇ ಸರಿಯಾಗಿ ಕೇಳಿಸಿಕೊಂಡಿದ್ದು. ಹೆಂಡತಿಯ ಮುಖ ನೋಡಿದರು. ಇಂದಿರಾಬಾಯಿ ಮಡಿಗೆ ಒಂದು ಒಳ್ಳೆಯ ಕಂಬಳಿ ಬೇಕೆಂದು ಎಷ್ಟೋ ದಿನದಿಂದ ಅನ್ನುತ್ತಿದ್ದರು. ಕಂಬಳಿ ಒಳಗೆ ಹೋಯಿತು, ಸಿಳ್ಳು ಹೊರಗೆ ಬಂತು.

ಹಿಪ್ಪರಗಿಯಲ್ಲಿ ಸತ್ಯವ್ವ ಅದನ್ನು ನೋಡಿ ಎದೆ ಬಡಿದುಕೊಂಡಳು. “ಹೆಂಗಸು ಸಿಳ್ಳ ಹಾಕಿದ್ರ ಮನಿ ಉಳೀತೈತೇನ ಬೇ? ಬೀರಪ್ಪ ಕಣ್ಣ ತಗದು ನೋಡೂದುಲ್ಲ ಇನ್ನ!”

“ಬಾಯಿ ನಂದಲ್ಲ ಅತ್ತಿ, ಹಿತ್ತಾಳಿದು” ಎಂದಳು ಮಾಯವ್ವ.

ಅವಳು ದಿನಾ ಸಂಜೆ ಸಿಳ್ಳು ಊದಿ ಉಪ್ಪು ಇಟ್ಟಳು. ಉಪ್ಪೆಂದರೆ ಕುರಿಗೆ ಹಬ್ಬ. ಊದುವುದು, ಉಪ್ಪು ಇಡುವುದು; ಊದುವುದು, ಉಪ್ಪು ಇಡುವುದು. ಮಳೆಗಾಲ ಮುಗಿಯುವಷ್ಟರಲ್ಲಿ ಹಿಂಡು ಆ ದನಿಗೆ ತಲೆ ಎತ್ತತೊಡಗಿತು, ಆಮೇಲೆ ತಿರುಗತೊಡಗಿತು, ಆಮೇಲೆ ಓಡಿ ಬರತೊಡಗಿತು. ಒಂದು ದಿನ ಜಕ್ಕಪ್ಪನ ಕೂಗಿಗೆ ಕಿವಿಗೊಡದೆ ಒಬ್ಬರ ಕಡಲೆ ಹೊಲಕ್ಕೆ ನುಗ್ಗುತ್ತಿದ್ದ ಕುರಿಗಳು, ದಿಬ್ಬದ ಮೇಲಿನಿಂದ ಮಾಯವ್ವ ಊದಿದ್ದೇ ತಡ, ಕಾಲುವೆಯ ನೀರು ಮಡೆ ತಿರುಗಿದಂತೆ ತಿರುಗಿ ಅವಳ ಕಡೆ ಹರಿದವು. ಜಕ್ಕಪ್ಪ ಬಡಿಗೆಗೆ ಗದ್ದ ಊರಿ ನಿಂತು ನೋಡಿದ. ಮರುದಿನ ಮುಂಜಾನೆ ಅವನೇ ಅವಳ ಹೆಗಲಿಗೆ ಕಂಬಳಿ ಹಾಕಿ, “ನಡಿ” ಎಂದ. ಮರಿ ಕಾಯಲು ಸತ್ಯವ್ವ ಕುಳಿತಳು. ಸಿಳ್ಳಿಗೆ ಬೀರಪ್ಪನ ಅರಿಸಿನದ ಭಂಡಾರ ಹಚ್ಚಿದ್ದೂ ಅವಳೇ.

ದಾರಿಯಲ್ಲಿ ಜನ ಅಂದು ಆಡುತ್ತಿದ್ದರು. “ಬಂತಲೇ ಮಾಯವ್ವನ ಮೇಲ್‌ಗಾಡಿ! ತಿಕೀಟ ತಗೀರಿ!” ಮಾಯವ್ವ ನಕ್ಕು ಇನ್ನೊಂದು ಸಲ ಊದುತ್ತಿದ್ದಳು.

ಆ ವರ್ಷ ಕುಡಚಿಗೆ ಹೋದಾಗ ಗಂಡಹೆಂಡಿರಿಬ್ಬರೂ ಕೂಡಿಯೇ ಒಂದು ತಪ್ಪು ಮಾಡಿದರು. ರೈಲಿನ ಹಳಿಗೆ ಹತ್ತಿದ ಹೊಲಗಳಲ್ಲಿ ಹುಲ್ಲು ಸೊಂಪು. ಆದರೆ ಕುರಿಯವರು ಯಾರೂ ಅಲ್ಲಿ ಹಿಂಡು ನಿಲ್ಲಿಸುತ್ತಿರಲಿಲ್ಲ. ಗಾಡಿ ಕೂಗಿತೆಂದರೆ ಕುರಿ ಬೆದರಿ ದಿಕ್ಕಾಪಾಲಾಗುತ್ತವೆ. ಜಕ್ಕಪ್ಪ ಎದೆ ಉಬ್ಬಿಸಿ ಹೊಲದ ಒಡೆಯ ಗಿರಿಮಲ್ಲಪ್ಪನಿಗೆ, “ನಮ್ಮ ಕುರಿಗೆ ಗಾಡಿ ಅಂದ್ರ ಹೆದರಿಕಿಲ್ಲರಿ ಗೌಡ್ರ. ದಿನಾ ಅದ ದನಿ ಕೇಳಿ ಬೆಳದಾವ” ಎಂದ. ಮಾಯವ್ವನಿಗೂ ಅದು ಖರೆಯೇ ಅನ್ನಿಸಿತು. ಹೆದರುವುದಿಲ್ಲ ಎಂಬುದೇನೋ ಸುಳ್ಳಲ್ಲ. ಹೆದರದ ಕುರಿ ಏನು ಮಾಡೀತು ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಸಂಜೆ ಜಕ್ಕಪ್ಪ ಜೋಳ ತರಲು ಗಿರಿಮಲ್ಲಪ್ಪನ ಮನೆಗೆ ಹೋಗಿದ್ದ. ಮಾಯವ್ವ ಹಿಂಡಿನ ಹತ್ತಿರ ಒಬ್ಬಳೇ. ಸೇತುವೆಯ ಆಚೆಯಿಂದ ಎರಡು ದನಿಯ ಕೂಗು ಎದ್ದಿತು. ಅವಳಿಗೆ ಹಿತವಾಯಿತು, ಕಣ್ಣು ಮುಚ್ಚಿದಳು. ಕಣ್ಣು ತೆರೆದಾಗ ಕುರಿಗಳೆಲ್ಲ ತಲೆ ಎತ್ತಿದ್ದವು. ಮುಂದಿನ ಟಗರು ಹಳಿಯ ಏರಿಯನ್ನು ಹತ್ತತೊಡಗಿತ್ತು, ಅದರ ಹಿಂದೆ ಹಿಂಡು. ಹೆದರಿಕೆಯ ಓಟವಲ್ಲ. ಉಪ್ಪಿಗೆ ಹೋಗುವ ಓಟ.

ಮಾಯವ್ವ ಸೊಂಟದ ಸಿಳ್ಳು ಕಿತ್ತು ಊದಿದಳು. ಹಿಂಡು ಅರ್ಧ ತಿರುಗಿತು, ಅರ್ಧ ಮುಂದೆ ಹೋಯಿತು. ಅಷ್ಟರಲ್ಲಿ ಗಾಡಿ ಸೇತುವೆ ದಾಟಿತು. ಡ್ರೈವರನು ಹಳಿಯ ಮೇಲೆ ಕುರಿ ಕಂಡು, ಓಡಿಸಲೆಂದು ಸಿಳ್ಳು ಹೊಡೆದ. ತಿರುಗಿದ ಕುರಿಗಳೂ ಮತ್ತೆ ಏರಿಗೆ ನುಗ್ಗಿದವು. ಅವನು ಇನ್ನೂ ಹೊಡೆದ, ಅವು ಇನ್ನೂ ಬಂದವು. ಆಗ ಮಾಯವ್ವನಿಗೆ ತಿಳಿಯಿತು. ಗಾಡಿ ಕರೆಯುತ್ತಿದೆ. ಅವಳು ಕಲಿಸಿದ ಮಾತಿನಲ್ಲಿಯೇ ಕರೆಯುತ್ತಿದೆ.

ಸಿಳ್ಳು ಹಾಕಬೇಡ ಎಂದು ಕೂಗಲು ಬಾಯಿ ತೆರೆದಳು. ಗಾಳಿ ಮಾತ್ರ ಬಂತು. ಏರಿ ಹತ್ತಿ, ಹಳಿಯ ನಡುವೆ ನಿಂತು, ಕರಿಯ ಕಂಬಳಿಯನ್ನು ಒಂದು ಕೈಯಲ್ಲಿ ಬೀಸುತ್ತ, ಇನ್ನೊಂದು ಅಂಗೈಯನ್ನು ಬಾಯಿಗೆ ಒತ್ತಿ ಹಿಡಿದಳು. ಬೀಸಿದಳು, ಬಾಯಿ ಮುಚ್ಚಿದಳು. ಬೀಸಿದಳು, ಬಾಯಿ ಮುಚ್ಚಿದಳು. ಡ್ರೈವರನಿಗೆ ಏನು ತಿಳಿಯಿತೋ, ಕೂಗು ಒಮ್ಮೆಲೇ ಕಡಿಯಿತು. ಗಾಲಿಗಳು ಕಿರುಗುಟ್ಟಿ, ಕಿಡಿ ಹಾರಿ, ಗಾಡಿ ಅವಳ ಎದೆಗೆ ಬಿಸಿಯುಸಿರು ಬಿಡುತ್ತ ನಿಂತಿತು. ಅವಳ ಆಚೆ ಬದಿಗೆ, ಗಾಡಿಯ ಕಡೆ ಮೊದಲೇ ಓಡಿದ್ದ ಟಗರು ಮತ್ತು ಅದರ ಬೆನ್ನಿಗಿದ್ದ ಕುರಿಗಳು ಉಳಿದಿರಲಿಲ್ಲ.

ಡ್ರೈವರ್ ಇಳಿದು ಬಂದ. ಮಸಿ ಹತ್ತಿದ ಮುಖ. “ಸಾಯಾಕ ನಿಂದ ಒಂದ ಜೀವ ಸಾಲಲಿಲ್ಲೇನವಾ? ನಾ ಓಡಿಸಾಕ ಸಿಳ್ಳ ಹೊಡದ್ರ ಇವು ಬೀಗರ ಮನಿ ಊಟಕ್ಕ ಬಂದಂಗ ಬರಾಕತ್ತಾವಲ್ಲ!”

ಮಾತಿಗೆ ದನಿಯಿಲ್ಲದ ಮಾಯವ್ವ ಸಿಳ್ಳನ್ನು ಅವನ ಕೈಗೆ ಕೊಟ್ಟಳು. ಅವನು ತಿರುಗಿಸಿ ನೋಡಿದ, ಮೆಲ್ಲಗೆ ಒಂದು ಸಲ ಊದಿದ. ತನ್ನದೇ ಎಂಜಿನ್ನಿನ ಕೂಗು ತನ್ನ ಅಂಗೈಯಿಂದ ಎದ್ದದ್ದು ಕೇಳಿ ಅವನ ಸಿಟ್ಟು ಎಲ್ಲಿ ಹೋಯಿತೋ. ಉಳಿದ ಕುರಿಗಳೆಲ್ಲ ಬಂದು ಎಂಜಿನ್ನನ್ನೂ ಅವನನ್ನೂ ಸುತ್ತುಗಟ್ಟಿ, ಮುಖ ಎತ್ತಿ, ಉಪ್ಪಿಗಾಗಿ ನಿಂತವು. ಒಂದು ಕುರಿ ಮೆಟ್ಟಿಲು ನೆಕ್ಕಿತು.

“ಅಯ್ಯ ಶಿವನ” ಎಂದು ಅವನು ಸಿಳ್ಳು ಮರಳಿ ಕೊಟ್ಟು, ಗಾಡಿ ಹತ್ತಿ, ಕೂಗದೆ ಹೊರಟು ಹೋದ.

ಜಕ್ಕಪ್ಪ ಬಂದು ಎಲ್ಲ ನೋಡಿದ. ಬೈಯಲಿಲ್ಲ, ಹೊಡೆಯಲಿಲ್ಲ. ಸಿಳ್ಳಿಗೆ ಕೈ ಚಾಚಿದ. “ಕೊಡು ಇತ್ತ. ಹೊಳ್ಯಾಗ ಒಗದು ಬರ್ತೇನಿ. ನೀ ಹಟ್ಟ್ಯಾಗ ಇರು.”

“ಇದನ್ನ ಒಗದ್ರ ಗಾಡಿ ಕೂಗೂದು ಬಿಡ್ತೈತೇನ?” ಎಂದಳು ಅವಳು, ಅವನ ಕಿವಿಯ ಹತ್ತಿರ ಬಾಯಿ ಇಟ್ಟು. “ಅದು ದಿನಾ ಕರೀತೈತಿ. ಇವು ದಿನಾ ಹೊಕ್ಕಾವ. ಕಲಿಸಿದ್ದು ಮರಸಬೇಕಂದ್ರ ಇದ ಬೇಕು.”

ಹಿಂಡು ತಿರುಗಿಸಿಕೊಂಡು ಅವರು ಹಿಪ್ಪರಗಿಗೆ ಬಂದರು. ಅಲ್ಲಿ ಮಾಯವ್ವನ ಮರೆಸುವ ಕೆಲಸ ಶುರುವಾಯಿತು. ಕಲಿಸುವುದಕ್ಕಿಂತ ಅದು ಕಷ್ಟದ್ದು. ಊದುವಳು; ಕುರಿ ಓಡಿ ಬರುವವು; ಅವಳ ಕೈ ಖಾಲಿ. ಅಂಗೈ ಮೂಸುವವು, ನೆಕ್ಕುವವು, ಸೀರೆಯ ಸೆರಗು ಜಗ್ಗುವವು, ಆಮೇಲೆ ನಿಂತು ಮುಖ ನೋಡುವವು. ಹಳದಿ ಕಣ್ಣುಗಳ ಆ ನೋಟ ಅವಳಿಗೆ ಸಹಿಸಲಾಗುತ್ತಿರಲಿಲ್ಲ. ಸುಳ್ಳು ಹೇಳದೆ ಬದುಕಿದ ಬಾಯಿಯಿಂದ ದಿನಕ್ಕೆ ಹತ್ತಾರು ಸಲ ಸುಳ್ಳು ಹೇಳಿದಂತೆ. ಉಪ್ಪನ್ನು ಜಕ್ಕಪ್ಪ ಬೇರೆ ಹೊತ್ತಿನಲ್ಲಿ, ಬಾಯಿ ಮುಚ್ಚಿಕೊಂಡು, ಕಲ್ಲಿನ ಮೇಲೆ ಹರಡಿ ಬರುತ್ತಿದ್ದ.

ಸತ್ಯವ್ವ ಹಟ್ಟಿಯ ಬಾಗಿಲಲ್ಲಿ ಕುಳಿತು ನೋಡಿ ಹೇಳಿದಳು. “ಉಂಡ ಉಪ್ಪು ಮರಿಯೂದು ಮನಶ್ಯಾಗ ಅಷ್ಟ ಬರ್ತೈತಿ. ಕುರಿಗೆ ಹೆಂಗ ಬರಬೇಕ ಬೇ? ಬಿಡು ಅತ್ಲಾಗ, ನೀ ನನ್ನ ಕೂಡ ಮರಿ ಕಾಯಿ.”

ಮಾಯವ್ವ ಬಿಡಲಿಲ್ಲ. ಬಿಟ್ಟರೆ ಅವಳ ಜಾಗ ಆ ಬಾಗಿಲೇ, ಸಾಯುವತನಕ. ಮೊದಲು ಹಿಂಡಿನ ಅಂಚಿನ ಕುರಿಗಳು ಬರುವುದನ್ನು ಬಿಟ್ಟವು. ಆಮೇಲೆ ಬರುತ್ತಿದ್ದವು ನಡುದಾರಿಯಲ್ಲಿ ನಿಂತು ಹುಲ್ಲಿಗೆ ಬಾಯಿ ಹಾಕಿದವು. ಬೇಸಿಗೆ ಏರಿತು. ಒಂದು ಇಳಿಹೊತ್ತಿನಲ್ಲಿ ಉಸಿರು ಕಟ್ಟುವಷ್ಟು ಊದಿದಳು. ಯಾವುದೂ ತಲೆ ಎತ್ತಲಿಲ್ಲ. ಗೆದ್ದೆ ಎಂದು ಜಕ್ಕಪ್ಪನಿಗೆ ಹೇಳಲು ಹೊರಟವಳು ದಾರಿಯಲ್ಲಿ ಒಂದು ಕಲ್ಲಿನ ಮೇಲೆ ಕುಳಿತು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಜಮಖಂಡಿಯಲ್ಲಿ ದತ್ತೋಪಂತರು ಸಂಗತಿಯನ್ನೆಲ್ಲ ಕೇಳಿ ಮೂಗಿನ ಮೇಲೆ ಬೆರಳಿಟ್ಟರು. “ಈಗ ಏನು ಮಾಡ್ಲಿ ಹೇಳು.”

“ಕುರಿ ಕರ್ಯಾಕ ನನಗ ದನಿ ಬೇಕರಿ. ಗಾಡೀದು ಬ್ಯಾಡ. ಬ್ಯಾರೆ ಮಾಡಿ ಕೊಡ್ರಿ.”

“ಸಣ್ಣ ಕೊಳವಿ ಮುಚ್ಚಿ, ಉದ್ದಂದು ಕತ್ತರಿಸಿಬಿಟ್ರ ಬ್ಯಾರೆ ಆಗ್ತದ. ಆದರ ಹೊಳ್ಳಿ ಜೋಡಸ್ಲಿಕ್ಕೆ ಆಗೂದಿಲ್ಲ ನೋಡು. ಇನ್ನೊಂದು ಮಾಡೂದಕ್ಕ ನನ್ನ ಕಣ್ಣೂ ಈಗ ಹಂಗಿಲ್ಲ.” ಅವರು ಗರಗಸ ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟರು. ಇಂದಿರಾಬಾಯಿ ಒಳಗಿನಿಂದ, “ಹೊಸಾ ಕೊಳವಿ ತರಿಸಿ ಮಾಡಿ ಕೊಡ್ರಿ, ಆ ದನಿ ಇರಲಿ ಬಿಡ್ರಿ” ಎಂದರು.

“ಇದ್ರ ನಾ ಊದಲಾರದ ಇರೂದುಲ್ಲರಿ ಅವ್ವಾರ” ಎಂದಳು ಮಾಯವ್ವ. “ಕತ್ತರಸ್ರಿ.”

ಕತ್ತರಿಸಿದ ಸಿಳ್ಳಿನ ದನಿ ಒಂದೇ. ಚೊಕ್ಕ, ಚೂಪು, ಎರಡನೆಯ ಮಾತಿಗೆ ಎಡೆಯಿಲ್ಲದಂಥದ್ದು. ಅದಕ್ಕೂ ಉಪ್ಪು ಇಟ್ಟು ಕಲಿಸಿದಳು. ಕುರಿ ಬೇಗನೆ ಕಲಿತವು. ಮಾಯವ್ವ ಮತ್ತೆ ಹಿಂಡಿನ ಮುಂದೆ ನಡೆದಳು. ಆದರೆ ಸುಮ್ಮನೆ, ಆಸೆಗೆ, ಒಬ್ಬಳೇ ಇದ್ದಾಗ ಊದುವುದು ನಿಂತಿತು. ಗಾಡಿಯ ಆ ದನಿ ಇನ್ನು ಕೇಳಬೇಕೆಂದರೆ ಕುಡಚಿಯೊಂದೇ.

ದೀಪಾವಳಿ ಬಂತು. ಗಿರಿಮಲ್ಲಪ್ಪ ಹೊಲದಲ್ಲಿ ಕುರಿ ನಿಲ್ಲಿಸಲು ಮತ್ತೆ ಹೇಳಿ ಕಳಿಸಿದ. ಜಕ್ಕಪ್ಪ ಹೋಗಲು ಹಿಂದೆಮುಂದೆ ನೋಡಿದ. “ಹಿಪ್ಪರಗ್ಯಾಗ ನೀ ಊದಿದ್ದಕ್ಕ ತಲಿ ಎತ್ತಲಿಲ್ಲ, ಖರೆ. ಅಲ್ಲಿ ಆ ಗಾಡಿ ಕೂಗಿದ್ರ? ಇನ್ನೊಂದು ಸಲ ತಡಕೊಳ್ಳೂ ಶಕ್ತಿ ನನಗಿಲ್ಲ ಮಾಯಿ.” ಕೊನೆಗೆ ಹಳಿಯಿಂದ ತುಸು ದೂರದ ಹೊಲದಲ್ಲಿ ಬಲೆ ಕಟ್ಟಿದರು. ಕುರಿ ಮರೆತಿದ್ದರೆ ಹಿಂಡು ಅವಳದು. ಮರೆಯದಿದ್ದರೆ ಅವಳಿಗೆ ಹಟ್ಟಿ. ಇಬ್ಬರೂ ಬಾಯಿಬಿಟ್ಟು ಆಡದ ಒಪ್ಪಂದ ಅದು.

ಸಂಜೆ ಇಬ್ಬರೂ ಉಸಿರು ಹಿಡಿದು ನಿಂತರು. ಗಾಡಿ ಸೇತುವೆ ದಾಟಿತು. ಕೂಗಲಿಲ್ಲ. ಹೊಗೆ ಕಂಡಿತು, ಗಾಲಿಯ ಸದ್ದು ಕೇಳಿತು, ಕೂಗು ಮಾತ್ರ ಇಲ್ಲ. ಎಂಜಿನ್ನಿನ ಕಿಟಕಿಯಲ್ಲಿ ಅದೇ ಡ್ರೈವರ್. ಹೊಲದಲ್ಲಿ ಕುರಿ ಕಂಡು, ಕರಿಯ ಕಂಬಳಿಯ ಹೆಂಗಸನ್ನು ಕಂಡು, ಅವನು ಒಂದು ಅಂಗೈಯನ್ನು ತನ್ನ ಬಾಯಿಗೆ ಒತ್ತಿ ಹಿಡಿದು ತೋರಿಸಿ ನಕ್ಕು ಹೋದ. ಮರುದಿನವೂ ಹಾಗೆಯೇ. ಅವನ ಒಳ್ಳೆಯತನಕ್ಕೆ ಏನನ್ನಬೇಕು! ಗಾಡಿ ಕೂಗದೆ ಕುರಿಯ ಪರೀಕ್ಷೆಯಿಲ್ಲ, ಪರೀಕ್ಷೆಯಿಲ್ಲದೆ ಜಕ್ಕಪ್ಪನಿಗೆ ನಂಬಿಕೆಯಿಲ್ಲ. ಮತ್ತು ಮಾಯವ್ವ ಇಡೀ ವರ್ಷ ಕಾದ ಆ ಒಂದು ದನಿ, ಅವಳ ಮೇಲಿನ ಕನಿಕರದಿಂದಲೇ ಬಾಯಿ ಮುಚ್ಚಿಕೊಂಡು ಹೋಗುತ್ತಿತ್ತು.

ಮೂರನೆಯ ಸಂಜೆ ಮಾಯವ್ವ ಕಂಬಳಿ ತೆಗೆದಿಟ್ಟು ಏರಿಯ ಬುಡಕ್ಕೆ ಹೋದಳು.

“ಎಲ್ಲಿಗಿ ಲೇ?” ಎಂದ ಜಕ್ಕಪ್ಪ, ಹಿಂಡಿನ ಹತ್ತಿರದಿಂದ.

ಅವಳು ಕೈ ಮಾಡಿ ಅವನನ್ನು ಅಲ್ಲಿಯೇ ನಿಲ್ಲಿಸಿದಳು. ಗಾಡಿ ಬಂತು. ಡ್ರೈವರ್ ಮತ್ತೆ ಬಾಯಿ ಮುಚ್ಚಿ ತೋರಿಸಿದ. ಮಾಯವ್ವ ತಲೆ ಅಲ್ಲಾಡಿಸಿದಳು. ಬಲಗೈ ಮೇಲೆತ್ತಿ, ಅಲ್ಲಿ ಇಲ್ಲದ ಹಗ್ಗವೊಂದನ್ನು ಬಾವಿಯ ಹಗ್ಗದಂತೆ ಕೆಳಗೆ ಜಗ್ಗಿದಳು. ಅವನು ಕುರಿಗಳ ಕಡೆ ನೋಡಿದ, ಅವಳ ಕಡೆ ನೋಡಿದ. ಅವಳು ಮತ್ತೊಮ್ಮೆ ಜಗ್ಗಿದಳು. ಎಂಜಿನ್ನು ಅವಳನ್ನು ದಾಟುವ ಹೊತ್ತಿಗೆ ಅವನ ಕೈ ಮೇಲಕ್ಕೆ, ಸಿಳ್ಳಿನ ಹಗ್ಗಕ್ಕೆ ಹೋಯಿತು.

ಎರಡೂ ದನಿ ಕೂಡಿಯೇ ಎದ್ದವು. ತಲೆಯ ಮೇಲೆ, ಇಷ್ಟು ಹತ್ತಿರದಿಂದ ಅವಳು ಅದನ್ನು ನಿಶ್ಚಿಂತೆಯಿಂದ ಎಂದೂ ಕೇಳಿರಲಿಲ್ಲ. ಉಗಿಯ ತುಂತುರು ಮುಖಕ್ಕೆ ಬಿತ್ತು. ಕೂಗು ನೀರಿನ ಗುಂಟ ಹೋಗಿ, ಕಬ್ಬಿನ ಮೇಲೆ ಹೋಗಿ, ಗಾಡಿ ತಿರುವು ದಾಟಿದ ಮೇಲೂ ತುಸು ಹೊತ್ತು ಅಲ್ಲಿಯೇ ಇತ್ತು.

ಜಕ್ಕಪ್ಪ ಓಡುತ್ತ ಬಂದ. ಏದುಸಿರು, ಮುಖದ ತುಂಬ ನಗು. “ನೋಡಿದಿಲ್ಲೋ? ಒಂದೂ ತಲಿ ಎತ್ತಲಿಲ್ಲ! ಒಂದರ ಎತ್ತಬೇಕಲ್ಲ! ನಿನ್ನ ಹಿಂಡು, ನೀನ ಇಟಗೊ!”

ಮಾಯವ್ವ ಹಿಂದೆ ತಿರುಗಿದಳು. ಕುರಿಗಳು ಮೇಯುತ್ತಿದ್ದವು. ಅವುಗಳ ಕಡೆ ನೋಡಬೇಕೆಂಬುದೇ ಅವಳಿಗೆ ಮರೆತುಹೋಗಿತ್ತು.